ಜೈನಬಮ್ಮ ಕಾದ ಬಾಗಿಲು

ಮಡಂತ್ಯಾರಿನ ಜೈನಬಮ್ಮನವರ ಮನೆಗೆ ಹೋದವರು ಚಹಾ ಕುಡಿಯದೆ ಮರಳಿದ್ದಿಲ್ಲ. ಅಂಥ ಜೈನಬಮ್ಮನೇ ೧೯೯೯ರಲ್ಲಿ ಜಗಲಿಯಲ್ಲೇ ನಿಂತು ಬಂದವರನ್ನು ವಾಪಸು ಕಳುಹಿಸತೊಡಗಿದರು. ಮಗಳು ಶಾಹಿದಾ ರಕ್ತದ ಕ್ಯಾನ್ಸರಿಗೆ ಮಂಗಳೂರಿನಲ್ಲಿ ಮೊದಲ ಸುತ್ತಿನ ಔಷಧಿ ಮುಗಿಸಿ ಬಂದಿದ್ದಳು. ಅವಳಿಗೆ ಸಣ್ಣ ಶೀತವೂ ತಗಲಬಾರದೆಂದು ಡಾಕ್ಟರು ಹೇಳಿದ್ದರು.

ನೆರೆಮನೆಯ ಮೊಯ್ದೀನ್ ಅಂಗಳದಲ್ಲೇ ನಿಂತು ದುವಾ ಮಾಡಿದರು. "ದೇವರಿಗೆ ಇಲ್ಲಿಂದಲೂ ಕೇಳ್ತದೆ. ಆದರೆ ಚಹಾ ಇಲ್ಲಿಯವರೆಗೆ ಬರುವುದಿಲ್ಲ, ಅಲ್ವಾ ಜೈನಬಮ್ಮ?"

ಶಾಹಿದಾಳ ನಾಲ್ಕು ವರ್ಷದ ಮಗಳು ಫಿದಾಳನ್ನೂ ಬೆಳ್ತಂಗಡಿಯಲ್ಲಿದ್ದ ದೊಡ್ಡಮ್ಮ ಜುಲೈಕಾಳ ಮನೆಗೆ ಕಳುಹಿಸಿದ್ದರು. ಬಸ್ಸಿನಲ್ಲಿ ಹೋದರೆ ಅರ್ಧ ಗಂಟೆಯ ದಾರಿ. ದಿನಾ ಫೋನಿನಲ್ಲಿ ಮಗಳ ದನಿ ಕೇಳಿ, ರಿಸೀವರ್ ಇಟ್ಟ ಮೇಲೂ ಶಾಹಿದಾ ಅದರ ಮೇಲಿಂದ ಕೈ ತೆಗೆಯುತ್ತಿರಲಿಲ್ಲ.

"ಒಮ್ಮೆ ಎತ್ತಿಕೊಳ್ತೇನೆ ಉಮ್ಮಾ. ಅಷ್ಟೇ ಸಾಕು."

"ಗುಣ ಆಗಲಿ. ಆಮೇಲೆ ಸೊಂಟದಿಂದ ಇಳಿಸುವುದೇ ಬೇಡ."

ಆದರೆ ಔಷಧಿ ಹಿಡಿದಿರಲಿಲ್ಲ. ಕೆಲವರ ರೋಗದ ಜೀವಕೋಶಗಳಲ್ಲಿ ಒಂದು ಪ್ರೋಟೀನ್ ಇರುತ್ತದೆ, ಒಳಗೆ ಬಂದ ಔಷಧಿಯನ್ನು ಅದು ಹೊರಗೆ ದೂಡುತ್ತದೆ, ಅದು ಹೆಚ್ಚಿದ್ದರೆ ಗುಣವಾಗುವುದು ಕಷ್ಟ ಎಂದು ಡಾಕ್ಟರು ತಾಯಿ ಮಗಳಿಬ್ಬರಿಗೂ ತಿಳಿಸಿ, ಪರೀಕ್ಷೆಗೆಂದು ಶಾಹಿದಾಳ ಮೂಳೆಯ ಮಜ್ಜೆಯನ್ನು ಮುಂಬೈಗೆ ಕಳುಹಿಸಿದ್ದರು.

"ಅದು ನಿನ್ನ ಹಾಗೆಯೇ ಉಮ್ಮಾ," ಎಂದು ಶಾಹಿದಾ ನಕ್ಕಿದ್ದಳು. "ಬಾಗಿಲಲ್ಲೇ ನಿಂತಿರ್ತದೆ."

ಜೈನಬಮ್ಮ ನಕ್ಕಿರಲಿಲ್ಲ.

ವರದಿ ಬಂದ ದಿನ ಮಂಗಳೂರಿಗೆ ಒಬ್ಬರೇ ಹೋದರು. ಪ್ರೋಟೀನ್ ಬಹಳ ಹೆಚ್ಚಿತ್ತು. "ಇನ್ನೊಂದು ಸುತ್ತು ಕೊಟ್ಟು ನೋಡುವ," ಎಂದರು ಡಾಕ್ಟರು. ವರದಿಯನ್ನು ಮಡಚಿಡುತ್ತಾ, "ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ ಅಮ್ಮ," ಎಂದರು.

ಬಸ್ಸು ಬಂಟ್ವಾಳ ದಾಟಿತು. ಹೊರಗೆ ಶಾಲೆ ಬಿಟ್ಟ ಮಕ್ಕಳು ರಸ್ತೆ ದಾಟಲು ನಿಂತಿದ್ದರು. ಮಡಂತ್ಯಾರಿನಲ್ಲಿ ಕಂಡಕ್ಟರ್ ಕೂಸಪ್ಪ, "ನಿಮ್ಮ ಊರು ಬಂತು ಜೈನಬಮ್ಮ. ನಿದ್ದೆಯಾ?" ಎಂದ.

"ಇಲ್ಲ. ಬೆಳ್ತಂಗಡಿಗೆ ಒಂದು ಟಿಕೆಟ್ ಕೊಡು."

ಸಂಜೆ ಫಿದಾಳ ಕೈ ಹಿಡಿದು ಅವರು ಮಗಳ ಕೋಣೆಗೆ ಬಂದರು. ಹುಡುಗಿಯ ಮೂಗು ಸೋರುತ್ತಿತ್ತು. ಶಾಹಿದಾಳ ಚಾಚಿದ ಕೈಗಳು ಅರ್ಧದಲ್ಲೇ ನಿಂತವು.

"ಇವಳಿಗೆ ಶೀತ ಉಂಟಲ್ಲ ಉಮ್ಮಾ."

"ಇರಲಿ. ಎತ್ತಿಕೊ."

ಶಾಹಿದಾ ತಾಯಿಯ ಮುಖವನ್ನೇ ನೋಡಿದಳು. ವರದಿಯ ಬಗ್ಗೆ ಕೇಳಲಿಲ್ಲ.

ಫಿದಾ ಅಮ್ಮನ ಬೋಳು ತಲೆಗೆ ಹೆದರಿ ಅಜ್ಜಿಯ ಹಿಂದೆ ಸರಿದಳು. ಶಾಹಿದಾ ಅವಳನ್ನು ಕರೆಯಲಿಲ್ಲ. ಹಾಸಿಗೆಯಲ್ಲಿ ಮೆಲ್ಲಗೆ ಗೋಡೆಯ ಕಡೆಗೆ ಜರುಗಿ, ಪಕ್ಕದಲ್ಲಿ ಒಂದು ಮಗುವಿಗೆ ಸಾಕಾಗುವಷ್ಟು ಜಾಗ ಮಾಡಿ, ಕಾದಳು.