ಪಟ್ಟದ ಗೊಂಬೆಯ ಪಕ್ಕದವಳು

ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಮ್ಮಂಥ ಮಾಮೂಲಿ ಜನಕ್ಕೂ ಬಾಡಿಗೆ ಮನೆ ಸಿಗುತ್ತಿದ್ದ ಕಾಲವೊಂದಿತ್ತು ಎಂದರೆ ನನ್ನ ಮಕ್ಕಳು ನಗುತ್ತಾರೆ. ಎಂಬತ್ತರ ದಶಕದ ಮಾತು. ನಮ್ಮ ಕೆಳಗಿನ ಅಪಾರ್ಟ್‌ಮೆಂಟಿನಲ್ಲಿ ನನ್ನದೇ ವಯಸ್ಸಿನ ಡೆನೀಸ್ ಇದ್ದಳು. ಆ ಬೀದಿಯಲ್ಲಿ ಹೆಚ್ಚಿನವರು ಅವಳಂತೆ ಕಪ್ಪು ಜನ; ಮೈಸೂರಿನವರು ನಾವೊಬ್ಬರೇ. ಶಾಲೆ ಬಿಟ್ಟೊಡನೆ ಇಬ್ಬರೂ ಹಗ್ಗದಾಟಕ್ಕೆ ಬೀದಿಗಿಳಿಯುತ್ತಿದ್ದೆವು. ಹಗ್ಗ ನನ್ನ ಕಾಲಿಗೆ ಸಿಕ್ಕಿಕೊಂಡರೂ ಅವಳು ಔಟ್ ಅನ್ನುತ್ತಿರಲಿಲ್ಲ. ಅಂಥ ಗೆಳತಿ ಮತ್ತೆ ಸಿಗಲಿಲ್ಲ.

ಒಂದು ವರ್ಷ ನವರಾತ್ರಿಗೆ ಅಮ್ಮ ರಟ್ಟಿನ ಡಬ್ಬಗಳನ್ನು ಮೆಟ್ಟಿಲಾಗಿ ಜೋಡಿಸಿ, ರೇಷ್ಮೆ ಸೀರೆ ಹೊದಿಸಿ ಗೊಂಬೆ ಕೂರಿಸಿದ್ದಳು. ಮನೆಯೆಲ್ಲ ಕಡಲೆ ಉಸ್ಲಿಯ ಇಂಗಿನ ಘಮ. ಡೆನೀಸ್ ನೋಡಿದ್ದೇ ಕೆಳಗೋಡಿ ತನ್ನ ಗೊಂಬೆ ತಂದಳು. ತೀರಿಹೋದ ಅಜ್ಜಿ ಹೊಲಿದುಕೊಟ್ಟದ್ದು: ಕಪ್ಪು ಬಟ್ಟೆಯ ಮೈ, ಉಣ್ಣೆಯ ಜಡೆ. ಅಮ್ಮ ಅದನ್ನು ಪಟ್ಟದ ಗೊಂಬೆಗಳಾದ ರಾಜ-ರಾಣಿಯರ ಪಕ್ಕದಲ್ಲೇ ಕೂರಿಸಿ ಕುಂಕುಮವಿಟ್ಟಳು.

ಅರಿಶಿನ ಕುಂಕುಮಕ್ಕೆ ಬಂದ ಆಂಟಿಯೊಬ್ಬರು ಮೂಗು ಮುರಿದರು. "ಇದೇನ್ರೀ, ದೇವರ ಮುಂದೆ ಕರೀ ಗೊಂಬೆ?"

"ಕೃಷ್ಣ ಏನು ಬೆಳ್ಳಗಿದ್ನೇನ್ರೀ?" ಅಂದಳು ಅಮ್ಮ. ಆಂಟಿ ತೆಪ್ಪಗೆ ಉಸ್ಲಿ ತಿಂದರು.

ಅಷ್ಟರಲ್ಲಿ ಕಟ್ಟಡವನ್ನು ಯಾರೋ ಕೊಂಡಿದ್ದರು. ಹೊಸ ಮಾಲೀಕ ಮೊದಲು ಖಾಲಿ ಮಾಡಿಸಿದ್ದು ಡೆನೀಸಳ ಮನೆಯವರನ್ನು. ನಮ್ಮ ಸರದಿ ಆಮೇಲೆ ಬಂತು. ಹಬ್ಬ ಇನ್ನೂ ಮುಗಿದಿರಲಿಲ್ಲ, ಅವಳು ಮೇಲೆ ಬಂದಳು.

"ಆಂಟಿ, ಓಕ್ಲೆಂಡಲ್ಲಿ ಒಂದು ರೂಮು ಸಿಕ್ಕಿದೆ. ಈಗಲೇ ಹೊರಟಿದ್ದೀವಿ. ನನ್ನ ಗೊಂಬೆ ಕೊಡಿ."

ಅಮ್ಮ ಗಾಬರಿಯಾದಳು. "ಕೂರಿಸಿದ ಗೊಂಬೇನ ಹಬ್ಬದ ಮಧ್ಯೆ ಎತ್ತಬಾರದು ಪುಟ್ಟಾ. ಹೊಸ ಮನೆಗೆ ಹೊರಟೋರಿಗೆ ಒಳ್ಳೇದಲ್ಲ. ದಶಮಿ ಆಗ್ಲಿ, ನಾನೇ ತಂದ್ಕೊಡ್ತೀನಿ."

ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಅವಳು ಗೊಂಬೆಯ ಜಡೆ ಸರಿಮಾಡಿ ನನ್ನ ಕಡೆ ತಿರುಗಿದಳು.

"ಅವಳಿಗೆ ಒಬ್ಬಳೇ ಮಲಗಿ ಅಭ್ಯಾಸ ಇಲ್ಲ. ನಿನ್ನ ಹತ್ರ ಮಲಗಿಸ್ಕೋ."

ವಿಜಯದಶಮಿ ಕಳೆದ ಮರುದಿನವೇ ಅಪ್ಪ ನಮ್ಮನ್ನು ಸೇತುವೆ ದಾಟಿಸಿ ಓಕ್ಲೆಂಡಿಗೆ ಕರೆದೊಯ್ದರು. ಗೊಂಬೆ ನನ್ನ ತೊಡೆಯ ಮೇಲೆ, ಉಸ್ಲಿಯ ಡಬ್ಬಿ ಅಮ್ಮನ ಕೈಯಲ್ಲಿ. ಡೆನೀಸ್ ಬರೆದುಕೊಟ್ಟಿದ್ದ ವಿಳಾಸದ ರೂಮಿನಲ್ಲಿ ಬೇರೆ ಯಾರೋ ಇದ್ದರು. ಅವಳ ಮನೆಯವರು ಅಲ್ಲಿಂದಲೂ ಹೊರಟುಹೋಗಿದ್ದರು, ಎಲ್ಲಿಗೆಂದು ಯಾರಿಗೂ ಗೊತ್ತಿರಲಿಲ್ಲ. ವಾಪಸು ಬರುವಾಗ ಅಮ್ಮ ಕಾರಿನಲ್ಲಿ ಅತ್ತುಬಿಟ್ಟಳು. "ಎತ್ತಿ ಕೊಟ್ಟುಬಿಡಬೇಕಿತ್ತು ಕಣೇ," ಎಂದು ಸಾಯುವ ತನಕ ಹೇಳುತ್ತಿದ್ದಳು.

ನಾವಿದ್ದ ಬೀದಿಯಲ್ಲೀಗ ಕಾಫಿ ಅಂಗಡಿಗಳಿವೆ. ಮೊನ್ನೆ ಹೋದಾಗ ಹಗ್ಗದಾಟವಾಡುವ ಮಗು ಒಂದೂ ಕಾಣಲಿಲ್ಲ. ನನ್ನ ಮನೆಯ ಹಬ್ಬದಲ್ಲಿ ಮಕ್ಕಳು ಯಾವ ದಿನ ಕೇಳಿದರೂ ಗೊಂಬೆ ಎತ್ತಿಕೊಡುತ್ತೇನೆ, ಶಾಸ್ತ್ರ ಹಾಳಾಗಲಿ. ದಶಮಿ ಮುಗಿದ ಮೇಲೆ ಎಲ್ಲವನ್ನೂ ಬಟ್ಟೆ ಸುತ್ತಿ ಪೆಟ್ಟಿಗೆಗೆ ಹಾಕುತ್ತೇನೆ, ಇವಳೊಬ್ಬಳನ್ನು ಬಿಟ್ಟು. ಇವಳಿಗೆ ಒಬ್ಬಳೇ ಮಲಗಿ ಅಭ್ಯಾಸವಿಲ್ಲ.