ಎಣಿಸಿದ್ದು ಸರಿ, ಅಳೆಯಲಿಲ್ಲ

ಮಾರ್ಚ್ ಹನ್ನೊಂದು, ಮಂಗಳವಾರ, ಬೆಳಿಗ್ಗೆ ಐದೂ ಮುಕ್ಕಾಲು. ನಲವತ್ತೊಂದು ಹಲ್ಲು.

ತಗಡಿನ ಶೆಡ್ಡಿನಲ್ಲಿ ಗೋಣಿಚೀಲ ಹಾಸಿ ಕುಳಿತ ಮೆಕ್ಯಾನಿಕ್, ಹಲ್ಲುಚಕ್ರದ ಮೊದಲ ಹಲ್ಲಿಗೆ ಸೀಮೆಸುಣ್ಣ ಹಚ್ಚಿ, ಒಂದು ಪೂರ್ತಿ ಸುತ್ತು ತಿರುಗಿಸಿ ಮುಗಿಸಿದ್ದಾರೆ. ಅವರು ಎಣಿಸುವುದು ಹೆಬ್ಬೆರಳಿನಿಂದ. ಎಡಗಣ್ಣಿಗೆ ಪೊರೆ ಬಂದು ಎರಡು ವರ್ಷವಾಯಿತು. ಟಾರ್ಚ್ ಹಿಡಿದು ನಿಂತ ಹೆಂಡತಿ ಸುಮ್ಮನಿರುವವರಲ್ಲ.

"ಮನೇಲಿ ಸಕ್ಕರೆ ಡಬ್ಬಿ ಖಾಲಿಯಾಗಿದ್ದು ಕಾಣಲ್ಲ, ಕಬ್ಬಿಣದ ಹಲ್ಲು ಮಾತ್ರ ಕತ್ತಲಲ್ಲೂ ಕಾಣುತ್ತೆ."

"ಮಾತಾಡಿಸಬೇಡ್ವೇ, ಲೆಕ್ಕ ತಪ್ಪುತ್ತೆ." ಮತ್ತೆ ಎಣಿಸುತ್ತಾರೆ. ನಲವತ್ತೊಂದೇ.

ಬೀದಿಯವರು ಇವರನ್ನು ಕರೆಯುವುದು 'ಹಲ್ಲು ಡಾಕ್ಟರು' ಎಂದು. ಒಮ್ಮೆ ಹೊಸ ಬಾಡಿಗೆದಾರನೊಬ್ಬ ದವಡೆ ಊದಿಸಿಕೊಂಡು ನಿಜವಾಗಿಯೂ ಬಂದು ಕುಳಿತಿದ್ದನಂತೆ. "ಸ್ಪ್ಯಾನರ್ ನೋಡಿದ್ದೇ ತಡ, ನೋವು ತಾನಾಗೇ ಹೋಯ್ತು ನೋಡಿ," ಎನ್ನುತ್ತಾರೆ. ಹೇಳುವಾಗ ಅವರು ನಗುವುದಿಲ್ಲ.

ಹಳೆಯ ಕಾರಿನ ಹಿಂಬದಿ ಚಕ್ರಗಳ ನಡುವೆ ಡಿಫರೆನ್ಷಿಯಲ್ ಎಂಬ ಕಬ್ಬಿಣದ ಗುಂಡಿದೆ. ಎಂಜಿನ್ನಿನ ಬಲವನ್ನು ಎರಡು ಚಕ್ರಗಳಿಗೆ ಹಂಚುವುದು ಅದರ ಕೆಲಸ. ಅದು ಸವೆದು ಊಳಿಡತೊಡಗಿದಾಗ ಗುಜರಿ ಸೇರಿದ ಕಾರಿನದನ್ನು ತಂದು ಕೂರಿಸುತ್ತಾರೆ. ಆದರೆ ಒಂದೇ ಹೆಸರಿನ ಎರಡು ಕಾರುಗಳ ಹೊಟ್ಟೆಯೊಳಗೆ ಒಂದೇ ಸಾಮಾನು ಇರಬೇಕೆಂದಿಲ್ಲ. ದೊಡ್ಡ ಚಕ್ರಕ್ಕೆ ನಲವತ್ತೊಂದರ ಬದಲು ಮೂವತ್ತೊಂಬತ್ತು ಹಲ್ಲಿದ್ದರೆ, ಮೀಟರು ಅರವತ್ತು ತೋರಿಸುವಾಗ ಗಾಡಿ ಅರವತ್ತಮೂರರಲ್ಲಿ ಓಡುತ್ತದೆ. ಇದು ಸಣ್ಣ ತಪ್ಪು. ಜೋಡಿ ಹುಡುಕುವ ಈ ಕೆಲಸದಲ್ಲಿ ಇವರಿಗೆ ಮೂವತ್ತೆಂಟು ವರ್ಷ ಸಂದಿದೆ. ಕೂರಿಸಿದ್ದು ಆರುನೂರ ಹನ್ನೆರಡು, ತಪ್ಪಿದ್ದು ಒಂದು.

ಆ ಒಂದು ತಪ್ಪಾದ ಕಾರೇ ಇಂದು ಜಾಕಿನ ಮೇಲೆ ನಿಂತಿದೆ.

ಒಂಬತ್ತು ವರ್ಷದ ಹಿಂದೆ ಅದರ ಮಾಲೀಕ, ಇವರ ಗೆಳೆಯ, ಬಾಡಿಗೆಗೆ ಕಾರು ಓಡಿಸುತ್ತಿದ್ದರು. ಆಕ್ಸಲ್ ಎಂಬ ಉದ್ದನೆಯ ಸರಳು ಚಕ್ರದಿಂದ ಬಂದು ಡಿಫರೆನ್ಷಿಯಲ್ಲಿನೊಳಗೆ ಕಚ್ಚಿಕೊಳ್ಳಬೇಕು. ಆಕ್ಸಲ್ ತುದಿಯಲ್ಲಿ ಹಲ್ಲಿನಂಥ ಇಪ್ಪತ್ನಾಲ್ಕು ಗೀರು, ಒಳಗೂ ಇಪ್ಪತ್ನಾಲ್ಕು. ತಾಳೆಯಾಯಿತು ಎಂದು ಇವರು ಬೋಲ್ಟು ಬಿಗಿದರು. ಎಡಗಡೆಯ ಆಕ್ಸಲ್ ಮಾತ್ರ ಬೇರೆ ಗಾಡಿಯದು, ಉದ್ದದಲ್ಲಿ ಗಿಡ್ಡ. ಮೂವತ್ತೊಂದು ಮಿಲಿಮೀಟರ್ ಒಳಗೆ ಹೋಗಬೇಕಾದದ್ದು ಹದಿನಾಲ್ಕೇ ಹೋಗಿತ್ತು, ಹದಿನೇಳು ಕಡಿಮೆ.

ಐದು ತಿಂಗಳು ಅಷ್ಟರಲ್ಲೇ ಓಡಿತು. ಆಮೇಲೊಂದು ದಿನ ಏರಿನಲ್ಲಿ, ಗೇರಿಗೆ ಹಾಕಿ ನಿಲ್ಲಿಸಿದ್ದ ಕಾರಿನ ಹಿಂದೆ ನಿಂತು ಗೆಳೆಯ ಪೆಟ್ಟಿಗೆ ಇಳಿಸುತ್ತಿದ್ದಾಗ ಗೀರುಗಳು ಕಿತ್ತುಹೋದವು. ಹ್ಯಾಂಡ್‌ಬ್ರೇಕ್ ಒಂದೇ ತಡೆಯಲಿಲ್ಲ. ಕಾರು ಹಿಂದಕ್ಕೆ ಉರುಳಿತು. ಮಂಡಿಯಿಂದ ಕೆಳಗೆ ಬಲಗಾಲು ಉಳಿಯಲಿಲ್ಲ. ಅಂದಿನಿಂದ ಇಬ್ಬರ ನಡುವೆ ಮಾತಿಲ್ಲ.

ಈಗ ಕಾರು ಓಡಿಸುವವಳು ಗೆಳೆಯನ ಮಗಳು. ಮನೆ ನಡೆಯುವುದು ಅದರಿಂದಲೇ. ಈ ಮಾದರಿಯ ತಯಾರಿಕೆ ನಿಂತು ಇಪ್ಪತ್ತೆರಡು ವರ್ಷವಾಗಿದ್ದು, ಗುಜರಿಯಲ್ಲಿ ಸಿಕ್ಕಿದ ಡಿಫರೆನ್ಷಿಯಲ್ ಇದೊಂದೇ. ಇದು ಕೂರದಿದ್ದರೆ ಕಾರೂ ಗುಜರಿಗೆ.

"ನಮ್ಮಪ್ಪಂಗೆ ಹೇಳದೇ ತಂದಿದ್ದಾ ತಾಯಿ?" ಎಂದು ಮೆಕ್ಯಾನಿಕ್ ಪಕ್ಕದಲ್ಲಿ ನಿಂತ ಅವಳನ್ನು ಕೇಳುತ್ತಾರೆ.

"ಅಪ್ಪನೇ ಕಳಿಸಿದ್ದು ಮಾವ. ನಮ್ಮಪ್ಪ ಅಂತೀರಲ್ಲ, ನಿಮಗೂ ಅಪ್ಪನಾ?"

"ಬೈಸಿಕೊಳ್ಳೋ ಬಾಕಿ ಇದೆಯಲ್ಲ, ಹಂಗಂದ್ರೆ ಅಪ್ಪನೇ."

ಅವರು ಆಕ್ಸಲ್ ತುದಿಗೆ ನೀಲಿ ಬಣ್ಣ ಬಳಿದು ಒಳಗೆ ತೂರಿಸುತ್ತಾರೆ, ತುಸು ಅಲುಗಿಸಿ ಹೊರಗೆ ಎಳೆಯುತ್ತಾರೆ. ನೀಲಿ ಉಜ್ಜಿ ಅಳಿಸಿಹೋದಷ್ಟು ಉದ್ದವೇ ಕಚ್ಚಿಕೊಂಡ ಉದ್ದ. ಈ ಪದ್ಧತಿಯನ್ನು ಯಾರೂ ಕಲಿಸಿದ್ದಲ್ಲ. ಒಂಬತ್ತು ವರ್ಷದಿಂದ ಪ್ರತಿ ಗಾಡಿಗೂ ಮಾಡುತ್ತಾರೆ. ಉಕ್ಕಿನ ಅಳತೆಪಟ್ಟಿಯನ್ನು ಹೆಂಡತಿ ಓದುತ್ತಾರೆ. ಬಲಗಡೆ ಮೂವತ್ತೊಂದು. ಎಡಗಡೆ ಮೂವತ್ತೊಂದು.

ಮಗಳು ಮನೆಗೆ ಫೋನ್ ಮಾಡಿ ಸ್ಪೀಕರ್ ಹಾಕುತ್ತಾಳೆ. "ಅಪ್ಪ, ಎರಡೂ ಕಡೆ ಮೂವತ್ತೊಂದಂತೆ."

ಆ ಕಡೆಯಿಂದ ಒರಟು ದನಿ: "ಎಡಗಡೆದು ಇನ್ನೊಂದು ಸಲ ಅಳೀ ಅನ್ನು ಅವನಿಗೆ."

ಮೆಕ್ಯಾನಿಕ್ ಬಟ್ಟೆಯಿಂದ ತುದಿ ಒರೆಸಿ, ಹೊಸದಾಗಿ ನೀಲಿ ಬಳಿದು, ತೂರಿಸಿ, ಎಳೆದು, ಪಟ್ಟಿ ಇಡುತ್ತಾರೆ. ಈ ಬಾರಿ ಹೆಂಡತಿಗೆ ಬಿಡದೆ ಹೆಬ್ಬೆರಳಿನ ಉಗುರನ್ನು ಗೆರೆಗೆ ಒತ್ತಿ ತಾವೇ ಓದುತ್ತಾರೆ.

"ಮೂವತ್ತೊಂದು ಕಣೋ."

"ಹೂಂ," ಎನ್ನುತ್ತದೆ ಆ ಕಡೆಯ ದನಿ. ಫೋನ್ ಆಫ್ ಆಗುತ್ತದೆ.

ಒಂಬತ್ತು ವರ್ಷಕ್ಕೆ ಒಂದು ಹೂಂ. ಮಗಳ ಮುಖ ಅರಳಿದೆ. ಮೆಕ್ಯಾನಿಕ್ ಬೋಲ್ಟುಗಳನ್ನು ಒಂದೊಂದಾಗಿ ತಟ್ಟೆಯಿಂದ ಎತ್ತಿಕೊಳ್ಳುತ್ತಿದ್ದಾರೆ.

"ಅಪ್ಪ ಮಾತಾಡಿದ್ರಲ್ಲ ಮಾವ, ಇನ್ನು ಲೆಕ್ಕ ಚುಕ್ತಾ ತಾನೇ?"

"ಇವತ್ತಿನದು ಚುಕ್ತಾ ತಾಯಿ. ಆವತ್ತಿನ ಹದಿನೇಳು ಮಿಲಿಮೀಟರ್ ನನ್ನ ಮೇಲೇ ಇದೆ," ಎಂದು ಅವರು ಕಾರಿನ ಕೆಳಗೆ ಸರಿಯುತ್ತಾರೆ.