ಹೊಟ್ಟೆ ತುಂಬಿದ ಕೌದಿ

ಮಗಳ ಮನೆಯ ನಾಯಿ ಇದುವರೆಗೆ ತಿಂದು ಹಾಕಿದ್ದನ್ನೆಲ್ಲ ಒಂದು ಕಡೆ ಕೂಡಿಸಿದರೆ ಸಣ್ಣದೊಂದು ಕಿರಾಣಿ ಅಂಗಡಿ ಇಡಬಹುದು. ಅರ್ಧ ಸೋಪು, ಟಿವಿ ರಿಮೋಟಿನ ಗುಂಡಿಗಳು, ಅಳಿಯಂದಿರ ಬೆಲ್ಟು, ನನ್ನ ಎಲೆಯಡಿಕೆ ಸಂಚಿಯ ದಾರ, ನನ್ನ ಎಡಗಾಲಿನ ಚಪ್ಪಲಿ. ಬಲಗಾಲಿನದನ್ನು ಮುಟ್ಟಲಿಲ್ಲ. ಮುದುಕಿ ಹೊರಗೆ ಹೋಗದಿದ್ದರೆ ಸಾಕು, ಅದಕ್ಕೆ ಒಂದು ತಿಂದರಾಯಿತು ಎಂದುಕೊಂಡಿರಬೇಕು. ಒಮ್ಮೆ ಜೇಜುರಿಯ ಮೈಲಾರಲಿಂಗನ ಗುಡಿಯಿಂದ ತಂದಿದ್ದ ಭಂಡಾರದ ಪೊಟ್ಟಣವನ್ನು ದೇವರ ಮುಂದಿನಿಂದ ಎಳೆದು ಹರಿಯಿತು. ಮೂತಿ, ಮೀಸೆ, ಮುಂಗಾಲು ಎಲ್ಲ ಅರಿಶಿನವೋ ಅರಿಶಿನ. ಮಗಳು ಬಯ್ಯಲು ಹೋಗಿ, ಆ ಹಳದಿ ಮುಖ ನೋಡಿ ಬಯ್ಯಲಾಗದೆ ಒಳಗೆ ಹೋದಳು. ಮೈಲಾರಲಿಂಗನ ಜೊತೆಗೂ ನಾಯಿ ಇರುತ್ತದೆ, ಅದು ತನ್ನ ಪಾಲು ತಾನು ತೆಗೆದುಕೊಂಡಿದೆ ಎಂದು ನಾನು ಅದರ ಪರ ಮಾತಾಡಿದೆ.

ನಾನು ಮರಾಠಿ ಸೀಮೆಯ ಖರಾಡಿಯ ಈ ಮನೆಗೆ ಬಂದದ್ದು ಮಗಳ ಬಾಣಂತನ ಮಾಡಲು. ನಾವು ಧಾರವಾಡದ ಕಡೆಯವರು. ಅಳಿಯಂದಿರು ಮೈಸೂರಿನವರು, ಮೆಲ್ಲಗೆ ಮಾತಾಡುವ ಮನುಷ್ಯ. ಮದುವೆಯಾದ ಹೊಸದರಲ್ಲಿ ಮಳೆಯಲ್ಲಿ ನೆನೆಯುತ್ತಿದ್ದ ಈ ಮರಿಯನ್ನು ಅಂಗಿಯೊಳಗೆ ಇಟ್ಟುಕೊಂಡು ಮನೆಗೆ ತಂದವರೂ ಅವರೇ. ನಾನು ಬಂದ ಮೊದಲ ವಾರ ಅದಕ್ಕೂ ನನಗೂ ಆಗಿಬರಲಿಲ್ಲ. ಆಮೇಲೆ ಮಧ್ಯಾಹ್ನ ಮಗಳು ಮಲಗಿದಾಗ ಎಚ್ಚರವಿರುವವರು ನಾವಿಬ್ಬರೇ ಆದೆವು. ನಾನು ಕೊತ್ತಂಬರಿ ಸೋಸುತ್ತ ಊರಿನ ಸುದ್ದಿ ಹೇಳುತ್ತಿದ್ದೆ, ಅದು ನನ್ನ ಕಾಲ ಮೇಲೆ ಗಲ್ಲವಿಟ್ಟು ಕೇಳುತ್ತಿತ್ತು. ಹಾಗೆ ಕೇಳುವವರು ನಮ್ಮ ಮನೆಯ ಮನುಷ್ಯರಲ್ಲೂ ಇಲ್ಲ.

ಆಮೇಲೆ ಮೊಮ್ಮಗಳು ಹುಟ್ಟಿದಳು. ಏನೆಂದು ಬರೆಯಲಿ. ನಾನು ಹೆಚ್ಚು ಓದಿದವಳಲ್ಲ, ಚೆಂದ ಮಾಡಿ ಹೇಳಲು ಬರುವುದಿಲ್ಲ. ಕೂಸು ಆಕಳಿಸಿದರೆ ನನ್ನ ಹೊಟ್ಟೆಯಲ್ಲಿ ಹಾಲು ಉಕ್ಕಿದ ಹಾಗಾಗುತ್ತದೆ. ಎಣ್ಣೆ ಹಚ್ಚಿ ಎರೆದು, ಲೋಬಾನದ ಹೊಗೆ ಹಾಕಿ, ಬಟ್ಟೆಯಲ್ಲಿ ಸುತ್ತಿ ತೊಡೆಯ ಮೇಲೆ ಮಲಗಿಸಿಕೊಂಡರೆ ಏಳಲು ಮನಸ್ಸೇ ಬರುವುದಿಲ್ಲ. ಒಲೆಯ ಮೇಲೆ ಏನು ಹೊತ್ತಿದರೂ ಹೊತ್ತಲಿ.

ಆದರೆ ಕೂಸು ಬಂದಮೇಲೆ ನಾಯಿಯ ಮಾತು ಎದ್ದಿತು. ಕಂಡದ್ದಕ್ಕೆಲ್ಲ ಬಾಯಿ ಹಾಕುವ ಪ್ರಾಣಿ, ಮನೆಯಲ್ಲಿ ಎಳೆಯ ಕೂಸು. ಊರಿನ ಇನ್ನೊಂದು ತುದಿಯ ನಿಗಡಿಯಲ್ಲಿ ಅಳಿಯಂದಿರ ಗೆಳೆಯರೊಬ್ಬರಿಗೆ ಅಂಗಳವಿರುವ ಮನೆಯಿದೆ, ಅವರು ಸಾಕಲು ಒಪ್ಪಿದ್ದರು. ಗಂಡ ಹೆಂಡತಿ ಕೂತು ಮಾತಾಡಿ ಒಂದು ತೀರ್ಮಾನಕ್ಕೆ ಬಂದರು: ಕೂಸಿನ ಒಂದೇ ಒಂದು ಸಾಮಾನು ಹರಿದರೂ ಅದನ್ನು ನಿಗಡಿಗೆ ಕಳಿಸಿಬಿಡುವುದು. ನಾನು ನಡುವೆ ಬಾಯಿ ಹಾಕಲಿಲ್ಲ. ಅವರ ಕೂಸು, ಅವರ ಹೆದರಿಕೆ. ಆದರೆ ಅಂದಿನಿಂದ ಕೂಸಿನ ಅಂಗಿ, ಕುಲಾವಿ, ಕಾಲುಚೀಲಗಳನ್ನೆಲ್ಲ ಎತ್ತರದಲ್ಲಿಟ್ಟು ನಾಯಿಗೆ ಕಾವಲು ನಿಂತೆ. ನನ್ನ ಕಾವಲು ಬಲವಾಗಿಯೇ ಇತ್ತು. ಕೆಡಿಸಿದ್ದು ಕೌದಿ.

ತೊಟ್ಟಿಲಿಗೆ ಹಾಕುವ ದಿನಕ್ಕೆಂದು ನಾನು ಕೌದಿ ಹೊಲಿಯುತ್ತಿದ್ದೆ. ನನ್ನ ಇಳಕಲ್ ಸೀರೆ, ನಮ್ಮ ಮನೆಯವರ ಧೋತರ, ಮಗಳ ಶಾಲೆಯ ನೀಲಿ ಲಂಗ, ಎಲ್ಲ ತುಂಡುಗಳೂ ಅದರಲ್ಲಿದ್ದವು. ತೊಟ್ಟಿಲ ದಿನ ಬೆಳಿಗ್ಗೆ ಹೋಳಿಗೆ ಮಾಡಿ, ಕೊನೆಯ ಮೂಲೆ ಹೊಲಿದು ದಾರ ಕಡಿದೆ. ಕೌದಿಯನ್ನು ಕುರ್ಚಿಯ ಮೇಲೆ ಮಡಚಿಟ್ಟು ಕೂಸಿಗೆ ಎರೆಯಲು ಹೋದೆ. ತಿರುಗಿ ಬಂದರೆ ಕೌದಿ ನೆಲದ ಮೇಲಿತ್ತು. ಒಂದು ಮೂಲೆ ಹರಿದು ಚಿಂದಿಯಾಗಿತ್ತು. ಪಕ್ಕದಲ್ಲಿ ನಾಯಿ ತುಟಿ ನೆಕ್ಕುತ್ತ ಕೂತಿತ್ತು.

ಮಗಳು ಕಣ್ಣು ತುಂಬಿಕೊಂಡು ತನ್ನ ನೀಲಿ ಲಂಗದ ತುಂಡನ್ನು ಸವರಿದಳು. ಅಳಿಯಂದಿರು ಆಗಲೇ ಫೋನು ಕಿವಿಗೆ ಹಿಡಿದಿದ್ದರು, ಇವತ್ತೇ ಬಂದು ಕರೆದುಕೊಂಡು ಹೋಗು ಎಂದು ಗೆಳೆಯನಿಗೆ ಹೇಳುತ್ತಿದ್ದರು. ಹೇಳುತ್ತಿರುವಾಗ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಿದ್ದರು. ಅಂಗಿಯೊಳಗೆ ಇಟ್ಟುಕೊಂಡು ತಂದವರಲ್ಲವೇ.

ನಾನು ಕೌದಿ ಎತ್ತಿ ನೋಡಿದೆ. ಮೂರು ಮೂಲೆಗೆ ಹಲ್ಲು ತಾಗಿರಲಿಲ್ಲ. ನಾಲ್ಕನೆಯದು ಮಾತ್ರ ಹೋಗಿತ್ತು. ನನಗೆ ನಗು ಬಂತು. ಮಗಳು ಗಾಬರಿಯಾಗಿ ನನ್ನನ್ನೇ ನೋಡಿದಳು.

"ಸ್ವಲ್ಪ ತಡೀರಿ, ಫೋನ್ ಇಡಬ್ಯಾಡ್ರಿ," ಎಂದೆ ಅಳಿಯಂದಿರಿಗೆ. "ಅದು ಕೌದಿ ತಿಂದಿಲ್ಲರಿ. ಅದರಾಗ ಇಟ್ಟಿದ್ದ ಹೋಳಿಗಿ ತಿಂದದ."

"ಏನಿಟ್ಟಿದ್ರಿ ಅತ್ತೆ?"

"ಹೋಳಿಗಿ. ಕೌದಿ ಮುಗಿಸೂಮುಂದ ಅದರ ಹೊಟ್ಟ್ಯಾಗ ಒಂದು ತುಣುಕು ಇಟ್ಟು ಹೊಲೀಬೇಕು. ಹಸದ ಕೌದಿ ಕೂಸಿಗೆ ಹೊಚ್ಚಬಾರದರಿ. ನಮ್ಮವ್ವ ಹಂಗಽ ಮಾಡ್ತಿದ್ಲು."

ಅಳಿಯಂದಿರು ಕೌದಿಯನ್ನು ನೋಡಿದರು, ನಾಯಿಯನ್ನು ನೋಡಿದರು. ಮಗಳು ಕಣ್ಣೊರೆಸಿಕೊಂಡು ಸೊಂಟದ ಮೇಲೆ ಕೈಯಿಟ್ಟಳು.

"ಅಲ್ಲವ್ವಾ, ತುಪ್ಪ ಹಚ್ಚಿದ ಹೋಳಿಗಿ ಅದರ ಮೂಗಿನ ಮುಂದ ಇಟ್ಟು ಮ್ಯಾಲೆ ಹೊಲಿಗಿ ಹಾಕಿದಿ. ಪಾಪ ಅದು ಏನ್ ಮಾಡಬೇಕಿತ್ತು, ಕತ್ತರಿ ಬೇಡಬೇಕಿತ್ತೇನು?"

ಫೋನಿನ ಆ ಕಡೆ ಗೆಳೆಯ ಇನ್ನೂ ಕಾಯುತ್ತಿದ್ದ. ಅಳಿಯಂದಿರು ಫೋನನ್ನು ಮತ್ತೆ ಕಿವಿಗೆ ಹಿಡಿದರು.

"ಬರ್ಬೇಡ ಕಣೋ. ನಾಯಿದೇನೂ ತಪ್ಪಿಲ್ಲ. ನಮ್ಮತ್ತೆ ಹೊದಿಕೆಗೆ ಊಟ ಬಡಿಸಿದ್ರು, ಇದು ಪಂಕ್ತೀಲಿ ಕೂತ್ಕೊಂಡಿದೆ ಅಷ್ಟೆ."

ಹರಿದ ಮೂಲೆಗೆ ಬಟ್ಟೆ ಬೇಕಾಗಿತ್ತು. ನಾನು ಪೆಟ್ಟಿಗೆಯಲ್ಲಿ ಹುಡುಕುತ್ತಿದ್ದಾಗ ಅಳಿಯಂದಿರು ಒಂದು ಹಳೆಯ ಅಂಗಿ ತಂದು ಕೊಟ್ಟರು. ಮರಿಯನ್ನು ತಂದ ದಿನ ತೊಟ್ಟಿದ್ದ ಅಂಗಿ. ಆವತ್ತೇ ಅದರ ಎರಡು ಗುಂಡಿಗಳನ್ನು ನಾಯಿ ತಿಂದಿತ್ತು. ಇಷ್ಟು ದಿನ ಅದನ್ನು ಯಾಕೆ ಎಸೆದಿರಲಿಲ್ಲ ಎಂದು ನಾನು ಕೇಳಲಿಲ್ಲ. ಮೂಲೆ ಕತ್ತರಿಸಿ, ಮಡಚಿ, ಹೊಲಿಯಲು ಕೂತೆ. ಪಕ್ಕದಲ್ಲೇ ನಿಂತಿದ್ದ ಅಳಿಯಂದಿರು ಮತ್ತೆ ಕೌದಿಯ ಹೊಟ್ಟೆ ತುಂಬಿಸಬೇಕಲ್ಲವೇ ಎಂದು ತಾವಾಗಿ ಕೇಳಿದರು. ಈ ಸಲ ಕೌದಿಗೆ ನಾಲ್ಕು ಅಕ್ಕಿಕಾಳು ಹಾಕಿದೆ. ಅದಕ್ಕೆ ಅಷ್ಟು ಸಾಕು. ಒಂದು ಇಡೀ ಹೋಳಿಗೆಯನ್ನು ಅಳಿಯಂದಿರ ಕೈಯಿಂದಲೇ ನಾಯಿಗೆ ಕೊಡಿಸಿದೆ. ಸಂಜೆ ಕೂಸನ್ನು ಅದೇ ಕೌದಿಯ ಮೇಲೆ ತೊಟ್ಟಿಲಿಗೆ ಹಾಕಿದೆವು. ನಾಯಿ ಬಂದು ಹೊಸ ಮೂಲೆಯನ್ನು ಮೂಸಿತು. ತನ್ನ ಯಜಮಾನರ ವಾಸನೆ ಸಿಕ್ಕಿರಬೇಕು, ಬಾಲ ಆಡಿಸಿ ತೊಟ್ಟಿಲ ಕೆಳಗೆ ಮಲಗಿತು. ಈಗ ಅದರ ಜಾಗ ಅದೇ. ಕೂಸು ಮಿಸುಕಿದರೆ ಸಾಕು, ಅಡುಗೆಮನೆಗೆ ಬಂದು ನನ್ನ ಸೆರಗು ಎಳೆಯುತ್ತದೆ. ಸೆರಗಿನ ತುದಿ ಸ್ವಲ್ಪ ಹರಿದಿದೆ, ಹರಿಯಲಿ.

ನಿನ್ನೆ ಕೂಸಿನ ಒಂದು ಕಾಲುಚೀಲ ಕಾಣೆಯಾಯಿತು. ಅಳಿಯಂದಿರು ನನ್ನನ್ನು ನೋಡಿದರು, ನಾನು ನಾಯಿಯನ್ನು ನೋಡಿದೆ, ನಾಯಿ ಕಿಟಕಿಯ ಕಡೆ ನೋಡಿತು. ಫೋನು ಮೇಜಿನ ಮೇಲೇ ಇತ್ತು, ಅದನ್ನು ಯಾರೂ ಎತ್ತಲಿಲ್ಲ. ಸಂಜೆ ಕಸ ಗುಡಿಸುವಾಗ ಕಾಲುಚೀಲ ನಾಯಿಯ ಹಾಸಿಗೆಯ ಕೆಳಗೆ ಸಿಕ್ಕಿತು. ಪೂರ್ತಿ ತೊಯ್ದಿತ್ತು, ಆದರೆ ಎಲ್ಲೂ ಹರಿದಿರಲಿಲ್ಲ.